ನಿಲ್ಲಿಸುವ ಗುಂಡಿ

ಗ್ಯುಮ್ರಿಯ ಕಾಲುಚೀಲದ ಕಾರ್ಖಾನೆ ಮುಚ್ಚಿದ ವರ್ಷ
ಸಂಬಳದ ಬಾಕಿಗೆಂದು ನನಗೆ ಸಿಕ್ಕಿದ್ದು
ಒಂದು ಚೀಲ ತಾಮ್ರದ ತಂತಿ, ಕೆಟ್ಟ ಮೀಟರು ಎರಡು,
ಹನ್ನೊಂದನೇ ಯಂತ್ರದ ಕೆಂಪು ಗುಂಡಿ:
ಅಂಗೈಯಗಲ, ಅಣಬೆಯ ಹಾಗೆ ತಲೆಯೆತ್ತಿದ್ದು.
ಯಾರದಾದರೂ ಬೆರಳು ಹಲ್ಲುಗಾಲಿಗೆ ಸಿಕ್ಕರೆ
ಮೊಣಕೈಯಿಂದಾದರೂ ಸರಿ, ಗುದ್ದಬೇಕು,
ಇಡೀ ಸಾಲು ನಿಲ್ಲಬೇಕು. ಅಷ್ಟೇ ಅದರ ಕೆಲಸ.
ಇಪ್ಪತ್ತಾರು ವರ್ಷ ಡಬ್ಬದಲ್ಲಿ ಬಿದ್ದಿತ್ತು.

ಈ ಚಳಿಗಾಲ ಹೆಗೀನೆ ಬಂದಳು,
ಮಕ್ಕಳ ಕೈಕಾಲು ತಿದ್ದುವವಳು
(ತಿದ್ದುವವಳು ಅಂದರೆ ರೇಗುತ್ತಾಳೆ).
ಬೂಟಿನ ಹಿಮ ಕೊಡವದೆ ಒಳಗೆ ನುಗ್ಗಿ
ಮೇಜಿನ ಮೇಲಿಟ್ಟಳು ಒಂದು ಆಟದ ಕಾರು,
ಗುಲಾಬಿ ಬಣ್ಣ, ಆರು ವೋಲ್ಟಿನ ಬ್ಯಾಟರಿ,
ಯಾರದೋ ಮೊಮ್ಮಗ ಆಡಿ ಬೇಸತ್ತದ್ದು.
‘ಪೆಡಲು ಕಿತ್ತುಬಿಡು ಅರ್ಶಾಕ್ ಮಾಮ.
ಈ ಹುಡುಗಿಯ ಕಾಲು ಒತ್ತುವುದಿಲ್ಲ.
ಕೈ, ಅದೂ ಎಡಗೈ, ಅದೂ ಬರೀ ಮುಷ್ಟಿ.
ಎರಡೂವರೆ ವರ್ಷ. ನಾಜೇಲಿ ಅಂತ.’
‘ನಡೆಯೋದು ಕಲಿತ ಮೇಲೆ ಕೊಟ್ಟರಾಗದೆ?’
‘ಅಷ್ಟರಲ್ಲಿ
ಎಲ್ಲಿಗೆ ಹೋಗಬೇಕು ಅನ್ನೋದೇ ಮರೆತಿರುತ್ತೆ.’

ನೋಡಲು ಹೋದೆ. ತಾಯಿ ಅರಕ್ಸಿಯ ಎಡಸೊಂಟದ ಮೇಲಿದ್ದಳು.
ಅಲ್ಲಿಂದ ಇಳಿಸಿ ಕೂರಿಸಿದರು. ದಿಂಬಿಗೆ ಆನಿಸಿದರು.
ಕಿಟಕಿ ತೋರಿಸಿದರು. ಸಾಕಾಯಿತೇನೋ ಎಂದು ತಿರುಗಿಸಿದರು.
ಉಣಿಸಿದರು, ಕುಡಿಸಿದರು, ನಗಿಸಿದರು, ಮಲಗಿಸಿದರು.
ಎಲ್ಲ ಪ್ರೀತಿಯಿಂದಲೇ. ಆದರೂ ಲೆಕ್ಕ ಹಾಕುತ್ತ ಕೂತೆ:
ಆ ಮಧ್ಯಾಹ್ನವೆಲ್ಲ ಅವಳು ತಾನಾಗಿ ಮಾಡಿದ್ದು ಒಂದೇ,
ಬೆಕ್ಕು ಹೊರಟುಹೋದ ಬಾಗಿಲನ್ನು
ನೋಡುತ್ತಲೇ ಇದ್ದದ್ದು.

ರಾತ್ರಿ ಡಬ್ಬ ತೆರೆದೆ.
ಗಂಡಸರ ಗುದ್ದಿಗೆಂದು ಮಾಡಿದ ಸ್ಪ್ರಿಂಗು ತೆಗೆದು
ಬರೆಯುವ ಪೆನ್ನಿನದೊಂದು ಸಿಕ್ಕಿಸಿದೆ.
ಒತ್ತಿದರೆ ಕಡಿಯುತ್ತಿದ್ದ ತಂತಿ
ಒತ್ತಿದರೆ ಕೂಡುವ ಹಾಗೆ ಅದಲುಬದಲು ಮಾಡಿದೆ.
ಬೆನ್ನಿಗೆ ಈಜು ಕಲಿಯುವವರ ಹಲಗೆ,
ಪಕ್ಕಕ್ಕೆ ಫೋಮು ಸುತ್ತಿದ ನೀರಿನ ಕೊಳವೆ,
ಎದೆಗೆ ನನ್ನ ಸೈನ್ಯದ ಕೋಟಿನ ಪಟ್ಟಿ,
ಹೊಟ್ಟೆ ಬಂದ ಮೇಲೆ ನನಗಂತೂ ಸುತ್ತುತ್ತಿರಲಿಲ್ಲ.

ಮೊದಲ ದಿನ ಒತ್ತಿದಳು, ಕಾರು ಜಿಗಿಯಿತು, ಕಿರುಚಿ ಅತ್ತಳು.
ಎರಡನೇ ದಿನ ಮುಟ್ಟಲಿಲ್ಲ. ವೇಗ ತಗ್ಗಿಸಿ ತಂದೆ.
ಒಂದು ವಾರ ಗುಂಡಿಯನ್ನು ನೆಕ್ಕಿದಳು.
ಹೆಗೀನೆ ಅದನ್ನೂ ಬರೆದುಕೊಂಡಳು.

ಒಂಬತ್ತನೇ ದಿನ ಬೆಕ್ಕು ಬಂತು,
ಎಂದಿನಂತೆ ಕಾರಿನ ಮುಂದೆ ಹಾದು, ಎಂದಿನಂತೆ ಹೊರಟಿತು.
ಮುಷ್ಟಿ ಎದ್ದಿತು, ತಡವರಿಸಿತು, ಬಿತ್ತು.
ಒಂದು ಗೇಣು ದೂರ. ನಿಂತಿತು.
ಅವಳು ಕಾರನ್ನು ನೋಡಲಿಲ್ಲ, ಬೆಕ್ಕನ್ನೂ ಅಲ್ಲ,
ತನ್ನ ಕೈಯನ್ನು ನೋಡಿಕೊಂಡಳು.
ಮತ್ತೆ ಒತ್ತಿದಳು.
ಹೋದಳು.

ಹೋಗಿ ಗೋಡೆಗೆ ಬಡಿದಳು. ನಾನು ಎದ್ದೆ.
ಹೆಗೀನೆ ನನ್ನ ಅಂಗಿ ಹಿಡಿದು ಜಗ್ಗಿದಳು.
‘ಕೂತ್ಕೋ. ಅವಳೇ ಹುಡುಕಿದ ಗೋಡೆ ಅದು.’
ಹಿಂದೆ ಸರಿಯಲು ಗುಂಡಿಯಿಲ್ಲ, ತಪ್ಪು ನನ್ನದೇ,
ಹೆಗೀನೆ ಎದ್ದು ಕಾರಿನ ಮೂತಿ ತಿರುಗಿಸಿಕೊಟ್ಟಳು
ಉದ್ದನೆಯ ಕಾರಿಡಾರಿಗೆ.

ಈ ತುದಿಯಲ್ಲಿ ಅರಕ್ಸಿ ಕೈ ಚಾಚಿ ಕೂತಿದ್ದಳು.
‘ಬಾ ಜಾನ್, ಬಾ ನನ್ನ ಹತ್ತಿರ.’
ನಾಜೇಲಿ ಅಮ್ಮನನ್ನು ನೋಡಿದಳು, ಚೆನ್ನಾಗಿಯೇ ನೋಡಿದಳು,
ಒತ್ತಿದಳು,
ಅವಳನ್ನು ದಾಟಿ ಬೆಕ್ಕಿನ ಬಾಗಿಲ ಕಡೆ ಹೊರಟಳು.

ಬರಲಾಗದ್ದು ಗೊತ್ತಿತ್ತು ಅರಕ್ಸಿಗೆ,
ಬರದೇ ಇದ್ದದ್ದು ಹೊಸದು.
ಎದ್ದು ನಿಂತಳು, ಎಡಸೊಂಟ ಅಭ್ಯಾಸಬಲದಿಂದ
ಹಾಗೇ ಹೊರಗೆ ಚಾಚಿಕೊಂಡು,
ತೋಳು ಯಾರನ್ನೋ ಬಳಸಿಕೊಂಡಂತೆ ಬಾಗಿಸಿ,
ಎಷ್ಟೋ ಹೊತ್ತು.